ಬೆಳಕಿಗಿಟ್ಟ ಬಾಟಲಿ

ಅವಳ ಕಂಟ್ರೋಲ್ ಸೆಲ್ಲುಗಳು ತೆಪ್ಪಗೆ ಇರುತ್ತಿದ್ದವು. ನನ್ನವು ಇರುತ್ತಿರಲಿಲ್ಲ. ನನ್ನ ಹೊಟ್ಟೆ ಉರಿಯೋದಕ್ಕೆ ಅಷ್ಟೇ ಸಾಕಾಗಿತ್ತು.

ವಡೋದರಾದ ಒಂದು ಲ್ಯಾಬಿನಲ್ಲಿ ನಾನು ಪಿಎಚ್‌ಡಿ ಮಾಡುತ್ತಿದ್ದೆ, ಐದನೇ ವರ್ಷ. ಅವಳು ಮೊದಲನೇ ವರ್ಷ, ಧಾರವಾಡದ ಕಡೆಯವಳು. ನಾನು ಮೈಸೂರಿನವಳು. ಅಲ್ಲಿ ಕನ್ನಡದವರು ನಾವಿಬ್ಬರೇ ಅಂತ ಮಂಜಲ್‌ಪುರದಲ್ಲಿ ಒಂದೇ ಫ್ಲ್ಯಾಟ್ ಹಿಡಿದಿದ್ದೆವು. ಬೆಳಿಗ್ಗೆ ಅವಳು ಮಾಡಿದ ಅವಲಕ್ಕಿ ತಿಂದು, ಸಂಜೆವರೆಗೂ ಅವಳ ಮೇಲೆ ಉರಿದುಕೊಂಡು, ಅವಳ ಸ್ಕೂಟರಿನ ಹಿಂದೆ ಕೂತು ಮನೆಗೆ ಬರುತ್ತಿದ್ದೆ. ಇಂಥ ಬಾಳು ಶತ್ರುವಿಗೂ ಬೇಡ.

ಇಬ್ಬರ ಕೆಲಸವೂ ಒಂದೇ ವಿಷಯದ ಮೇಲೆ. ಜೀವಕೋಶದಲ್ಲಿ ಪೆರಾಕ್ಸೈಡ್ ಹೆಚ್ಚಾದರೆ ಅದು ಸಿಕ್ಕಿದ್ದನ್ನೆಲ್ಲ ಹಾಳುಮಾಡುತ್ತೆ. ಅದನ್ನು ತಡೆಯುವ ಆಂಟಿಆಕ್ಸಿಡೆಂಟ್ ಕಿಣ್ವಗಳ ಜೀನುಗಳು ಕೋಶದೊಳಗೇ ಇವೆ, ಆದರೆ ಆಪತ್ತು ಬರುವವರೆಗೆ ಬಹುಪಾಲು ಮಲಗಿರುತ್ತವೆ. ಅವನ್ನು ಎಬ್ಬಿಸೋ ಪ್ರೋಟೀನ್ ಒಂದಿದೆ. ಅದರ ರಟ್ಟೆ ಹಿಡಿದು, ಹುಟ್ಟಿದ ಹಾಗೆಲ್ಲ ಅದನ್ನು ನಾಶಕ್ಕೆ ಕಳಿಸುವ ಇನ್ನೊಂದು ಪ್ರೋಟೀನ್ ಇದೆ. ಪೆರಾಕ್ಸೈಡ್ ತಾಗಿದರೆ ಈ ಎರಡನೆಯದರ ಹಿಡಿತ ಕೆಡುತ್ತೆ. ಆಗ ಮೊದಲನೆಯದು ಬದುಕಿ, ಕೋಶಕೇಂದ್ರಕ್ಕೆ ಹೋಗಿ, ಡಿಎನ್‌ಎ ಮೇಲೆ ಕೂತು ಆ ಜೀನುಗಳನ್ನು ಎಬ್ಬಿಸುತ್ತೆ. ನಾವು ಒಂದು ತಟ್ಟೆಯ ಸೆಲ್ಲುಗಳಿಗೆ ಪೆರಾಕ್ಸೈಡ್ ಹಾಕಿ, ಇನ್ನೊಂದಕ್ಕೆ ಏನೂ ಹಾಕದೆ ಅಳೆಯುತ್ತಿದ್ದೆವು. ಏನೂ ಹಾಕದ್ದೇ ಕಂಟ್ರೋಲ್. ಅಲ್ಲಿ ಜೀನುಗಳು ಮಲಗಿರಬೇಕು. ನನ್ನ ತಟ್ಟೆಯಲ್ಲಿ ಮೂರು ವರ್ಷದಿಂದ ಎದ್ದು ಕೂತಿದ್ದವು.

ಈ ಎಳಸು ಬಂದು ಎರಡನೇ ಸಲಕ್ಕೇ ಸರಿ ಮಾಡಿಬಿಟ್ಟಳು. ನಮ್ಮ ಗೈಡ್ ಅವಳ ಗ್ರಾಫನ್ನು ಗೋಡೆಗೆ ಅಂಟಿಸಿದರು. ನನ್ನ ಒಂದು ಗ್ರಾಫನ್ನಾದರೂ ಅವರು ಎರಡು ಸಲ ನೋಡಿದ್ದು ನನಗೆ ನೆನಪಿಲ್ಲ. ಆಮೇಲೆ ಅಪ್ಪಣೆಯಾಯಿತು: ಇಬ್ಬರೂ ಇನ್ನೊಂದು ಸಲ ಮಾಡಿ, ಯಾರದ್ದು ಸರಿ ಬರುತ್ತೋ ಅವರು ಅಹಮದಾಬಾದಿನ ಸಮ್ಮೇಳನದಲ್ಲಿ ಮಾತಾಡಲಿ, ಇಬ್ಬರದ್ದೂ ಬಂದರೆ ಅವಳೇ. ಅದು ಕೈತಪ್ಪಿದರೆ ಈ ಕೆಲಸವೇ ಅವಳದ್ದಾಗಿಬಿಡುತ್ತಿತ್ತು. ನನ್ನ ಪ್ರಬಂಧಕ್ಕೆ ಬೇರೆ ಗತಿ ಇರಲಿಲ್ಲ.

ಸೆಲ್ಲುಗಳಿಗೆ ಊಟವಾಗಿ ಹಾಕುವ ಕೆಂಪು ದ್ರವಕ್ಕೆ ಮೀಡಿಯಾ ಅನ್ನುತ್ತೇವೆ. ಅವಳು ಆ ಬಾಟಲಿಗೆ ಚಪಾತಿ ಕಟ್ಟುವ ಬೆಳ್ಳಿ ಹಾಳೆ ಸುತ್ತಿಡುತ್ತಿದ್ದಳು. "ಯಾಕೇ, ಬಾಟಲಿಗೆ ಚಳಿ ಆಗುತ್ತಾ?" ಅಂತ ರೇಗಿಸಿದೆ.

"ಬೆಳಕಿಗೆ ಇಟ್ರ ಅದರಾಗಿನ ವಿಟಮಿನ್ ಪೆರಾಕ್ಸೈಡ್ ಮಾಡ್ತದ್ರಿ ಅಕ್ಕಾ. ನಾವು ಏನೂ ಹಾಕಿಲ್ಲ ಅಂತ ತಿಳ್ಕೊಂಡಿರ್ತೀವಿ, ಸೆಲ್ಸಿಗೆ ಹಾಕಿರ್ತೀವಿ."

ನಕ್ಕೆ. ಒಳಗೆ ಜೀವ ಹೋಯಿತು. ಮೂರು ವರ್ಷ ನನ್ನ ಬಾಟಲಿ ಬೆಳಗಿನಿಂದ ಸಂಜೆವರೆಗೆ ಟ್ಯೂಬ್‌ಲೈಟಿನ ಕೆಳಗೇ ನಿಂತಿತ್ತು. ಫ್ರಿಜ್ಜಿಗೆ ಎತ್ತಿಡೋಕೆ ಸೋಮಾರಿತನ, ಇನ್ನೇನಿಲ್ಲ. ಹೊಸ ಬಾಟಲಿ ತಂದು ಕದ್ದುಮುಚ್ಚಿ ಹಾಳೆ ಸುತ್ತಿದೆ. ಹತ್ತೇ ದಿನದಲ್ಲಿ ನನ್ನ ಕಂಟ್ರೋಲ್ ಮಲಗಿತು. ಆದರೂ ಅವಳಿಗೆ ಹೇಳಲಿಲ್ಲ. ಹಳೇ ಬಾಟಲಿಯನ್ನು ಚೆಲ್ಲಲೂ ಇಲ್ಲ, ಅದು ದೀಪದ ಕೆಳಗೇ ಇತ್ತು. ಯಾರಾದರೂ ಕೇಳಿದ್ದರೆ ಮರೆತೆ ಅಂತಿದ್ದೆ.

ಅಷ್ಟರಲ್ಲಿ ಸೂರತ್‌ನಲ್ಲಿ ಅವಳ ಅಕ್ಕನ ಮಗುವಿಗೆ ನಾಮಕರಣ ಬಂತು. ಊರಿಗೆ ಹೋದವರ ಸೆಲ್ಲುಗಳಿಗೆ ಇದ್ದವರು ಊಟ ಹಾಕುವುದು ನಮ್ಮಲ್ಲಿ ರೂಢಿ. ಎಷ್ಟೇ ಜಗಳವಿದ್ದರೂ ಆ ಕೆಲಸ ತಪ್ಪಿಸುವವರಿಲ್ಲ. "ಅಕ್ಕಾ, ನಾಳೆ ಒಂದ್ ಸಲ ಮೀಡಿಯಾ ಬದಲಿಸ್ರಿ. ನಾಡಿದ್ದ ಮುಂಜಾನೆ ಬಂದು ಮುಂದಿಂದು ನಾ ಮಾಡ್ತೀನಿ" ಅಂದಳು. "ಹೋಗಿ ಬಾರೇ" ಅಂದೆ.

ಮರುದಿನ ಅವಳ ಬಾಟಲಿ ಫ್ರಿಜ್ಜಿನಲ್ಲಿ ಎದುರಿಗೇ ಇತ್ತು. ನಾನು ಬಾಗಿಲು ಮುಚ್ಚಿ ನನ್ನ ಹಳೆಯದನ್ನೇ ತೆಗೆದುಕೊಂಡೆ. ಅವಳ ತಟ್ಟೆಗಳಿಗೆಲ್ಲ ಅದನ್ನೇ ತುಂಬಿದೆ. ಲ್ಯಾಬಿನ ಪುಸ್ತಕದಲ್ಲಿ "ಮೀಡಿಯಾ ಬದಲಿಸಿದೆ" ಅಂತ ಬರೆದು ಸಹಿ ಹಾಕಿದೆ.

ಅವಳು ನನಗೋಸ್ಕರ ಸೂರತ್ತಿನ ತುಪ್ಪದ ಸಿಹಿತಿಂಡಿ ಘಾರಿ ತಂದಿದ್ದಳು, ಡಬ್ಬಿ ತುಂಬ. ನಾನು ತಿಂದೆ. ಎರಡು ದಿನ ಬಿಟ್ಟು ಅವಳ ಫಲಿತಾಂಶ ಬಂತು, ಕಂಟ್ರೋಲಿನಲ್ಲಿ ಜೀನುಗಳೆಲ್ಲ ಎದ್ದಿದ್ದವು. ಮೊದಲಿನದು ಅದೃಷ್ಟ ಇರಬೇಕು ಅಂತ ಹೇಳಿ ಗೈಡ್ ಗೋಡೆಯ ಗ್ರಾಫನ್ನು ಕಿತ್ತರು. ಅವಳು ಮನೆಗೆ ಬಂದು ಅಳುತ್ತಾ ತನ್ನ ನೋಟ್‌ಬುಕ್ಕಿನ ಪುಟಪುಟದಲ್ಲೂ ತನ್ನದೇ ತಪ್ಪು ಹುಡುಕಿದಳು. ಪಕ್ಕದಲ್ಲಿ ಕೂತು ನಾನೂ ಹುಡುಕಿಕೊಟ್ಟೆ. ನನ್ನಂಥ ನೀಚಳು ಇನ್ನೊಬ್ಬಳಿರಲಿಕ್ಕಿಲ್ಲ ಅಂತ ಈಗ ಅನಿಸುತ್ತೆ. ಆಗ ಹಾಯಾಗಿತ್ತು.

ಅಹಮದಾಬಾದಿನಲ್ಲಿ ನಾನೇ ಮಾತಾಡಿದೆ, ಮೂರು ವರ್ಷ ಕಂಟ್ರೋಲ್ ಕೆಟ್ಟ ಕಥೆಯನ್ನೂ ಹೇಳಿದೆ. ಮುಗಿದ ಮೇಲೆ ಹಿರಿಯರೊಬ್ಬರು ಎದ್ದು, ಇಷ್ಟು ವರ್ಷ ಕೆಟ್ಟ ಕಂಟ್ರೋಲ್ ಈಗ ಹೇಗೆ ಸರಿಹೋಯಿತು ಅಂತ ಕೇಳಿದರು. ಮೀಡಿಯಾವನ್ನು ಬೆಳಕಿನಿಂದ ಮರೆಮಾಡಿದೆ ಅಂದೆ. ಒಳ್ಳೆಯ ಗಮನ ಅಂತ ಹೊಗಳಿದರು. ಮೂರನೇ ಸಾಲಿನಲ್ಲಿ ಬರೆದುಕೊಳ್ಳುತ್ತಿದ್ದ ಅವಳು ಪೆನ್ನು ನಿಲ್ಲಿಸಿ ತಲೆಯೆತ್ತಿದಳು.

ವಾಪಸ್ ಬರುವ ಬಸ್ಸಿನಲ್ಲಿ ಕೇಳಿದಳು. "ಅಕ್ಕಾ, ಅವತ್ತ ಯಾವ ಬಾಟ್ಲಿ ತಗೊಂಡ್ರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, "ಯಾವತ್ತು?" ಅಂತ ಕೇಳಲೂ ನನಗೆ ತೋಚಲಿಲ್ಲ. "ನಂದು. ಹಳೇದು" ಅಂದುಬಿಟ್ಟೆ.

"ಗೊತ್ತಿತ್ತೇನ್ರಿ?"

"ಗೊತ್ತಿತ್ತು."

ಬೈಯಲಿಲ್ಲ. ಆ ತಿಂಗಳೇ ಬೇರೆ ಫ್ಲ್ಯಾಟಿಗೆ ಹೋದಳು. ಅದೇ ಪ್ರಯೋಗವನ್ನು ಮತ್ತೆ ಮೂರು ಸಲ ಮಾಡಿದಳಂತೆ, ಮೂರೂ ಸಲ ಸರಿ ಬಂತಂತೆ. ಕೇಳಿದಾಗ ಮೊದಲು ಬಂದದ್ದು ಮತ್ತದೇ ಹೊಟ್ಟೆಕಿಚ್ಚು, ನಾಚಿಕೆ ಆಮೇಲೆ.

ಗೈಡ್ ಹತ್ತಿರ ಇವತ್ತು ಹೇಳುತ್ತಾಳೆ, ನಾಳೆ ಹೇಳುತ್ತಾಳೆ ಅಂತ ನಾನು ಪ್ರಬಂಧ ಮುಗಿಸುವವರೆಗೂ ಕಾದೆ. ಹೇಳಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಬಸ್ಸು ಇಳಿಯುವ ಮೊದಲೇ ಫೋನ್ ಮಾಡಿರುತ್ತಿದ್ದೆ. ಅವಳ ಗ್ರಾಫಿನ ಮೇಲಿನ ಉರಿ ಎಂದೋ ಆರಿತು. ಹೇಳದೆ ಇರುವುದು ಅವಳಿಗೆ ಹೇಗೆ ಸಾಧ್ಯವಾಯಿತು ಅನ್ನೋ ಉರಿ ಇನ್ನೂ ಆರಿಲ್ಲ.