ಬೇಕರಿ ಮೂಲೆಯಿಂದ ಶಾಲೆಗೆ

ಜರ್ಮನಿಯ ಫೊಯರ್‌ಬಾಕಿನ ನಮ್ಮ ಮನೆಯಿಂದ ಶಾಲೆಗೆ ಎಂಟು ನಿಮಿಷದ ನಡಿಗೆ. ಮಗಳು ಒಂದನೇ ಕ್ಲಾಸಿಗೆ ಸೇರಿದಾಗ ಅಷ್ಟು ದೂರಕ್ಕೂ ನಾನು ಕಾರು ತೆಗೆಯುತ್ತಿದ್ದೆ. ಬಾಗಿಲವರೆಗೂ ಅವಳ ಬ್ಯಾಗು ನಾನೇ ಹೊರುತ್ತಿದ್ದೆ, ಮಧ್ಯಾಹ್ನ ಶಾಲೆ ಬಿಡುವ ಮೊದಲೇ ಗೇಟಿನ ಮುಂದೆ ಹಾಜರ್. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಬೆಳೆದವಳು ನಾನು. ಮಗುವನ್ನು ಒಂಟಿಯಾಗಿ ರಸ್ತೆಗೆ ಬಿಡುವುದೆಂದರೆ ಎದೆ ಝಲ್ಲೆನ್ನುತ್ತಿತ್ತು. ಅದಕ್ಕೆ ನನಗೇನೂ ನಾಚಿಕೆಯಿಲ್ಲ.

ಎರಡು ತಿಂಗಳಾದರೂ ಅವಳಿಗೆ ಒಬ್ಬ ಗೆಳತಿಯೂ ಸಿಗಲಿಲ್ಲ. ಬಿಡುವಿನಲ್ಲಿ ಏನು ಮಾಡಿದೆ ಎಂದು ಕೇಳಿದರೆ, "ಗೋಡೆ ಹತ್ರ ನಿಂತಿದ್ದೆ" ಅನ್ನುತ್ತಿದ್ದಳು.

"ರೀ, ಇಲ್ಲಿನ ಮಕ್ಕಳು ನಮ್ಮ ಮಗೂನ ಸೇರಿಸ್ಕೊಳ್ತಾನೇ ಇಲ್ಲ. ನಾಳೆ ಟೀಚರ್‌ನ ನೇರವಾಗಿ ಕೇಳೇಬಿಡ್ತೀನಿ," ಎಂದು ಗಂಡನ ಮೇಲೆ ಹಾರಾಡಿದೆ.

"ಕೇಳು ಕಣೆ. ಆದ್ರೆ ಜಗಳ ಆಡ್ಬೇಡ," ಅಂದರು ಪಾಪ.

ಜಗಳ ಆಡಲೆಂದೇ ಹೋದೆ. ಟೀಚರ್ ಎಲ್ಲವನ್ನೂ ತಣ್ಣಗೆ ಕೇಳಿಸಿಕೊಂಡರು. "ಇಲ್ಲಿ ಮಕ್ಕಳು ಸ್ನೇಹ ಮಾಡೋದು ದಾರೀಲಿ. ನಿಮ್ಮ ಬೀದಿಯ ಮೂವರು ದಿನಾ ಬೇಕರಿ ಮೂಲೇಲಿ ಸೇರಿ ನಡ್ಕೊಂಡು ಬರ್ತಾರೆ. ನಿಮ್ಮ ಮಗಳು ಕಾರಲ್ಲಿ ಬರ್ತಾಳೆ, ಕಾರಲ್ಲಿ ಹೋಗ್ತಾಳೆ. ಅವರಿಗೆ ಅವಳು ಸಿಗೋದು ಯಾವಾಗ?" ಎಂದರು. ಜಗಳ ಆಡದೆಯೇ ವಾಪಸು ಬಂದೆ. ಅದು ಬಹಳ ಅಪರೂಪ.

ಸೋಮವಾರ ಅವಳನ್ನು ಬೇಕರಿ ಮೂಲೆಗೆ ಕಳಿಸಿದೆ. ಕಳಿಸಿ ಸುಮ್ಮನಿದ್ದೆನೇ? ಸಾಲಾಗಿ ನಿಂತ ಕಾರುಗಳ ಮರೆಯಲ್ಲಿ ಬಗ್ಗಿಕೊಂಡು ಹಿಂದೆಯೇ ಹೋದೆ. ಬೇಕರಿಯ ಹೆಂಗಸು ನನ್ನನ್ನು ಹಿಡಿದೇಬಿಟ್ಟರು. "ಮನೆಗೆ ಹೋಗಮ್ಮ. ಸಿಗ್ನಲ್‌ವರೆಗೆ ನಾನು ನೋಡ್ತೀನಿ, ಅಲ್ಲಿಂದಾಚೆ ಔಷಧಿ ಅಂಗಡಿಯವರು ನೋಡ್ತಾರೆ," ಎಂದರು. ಶಾಲೆ ಗೇಟಿನಿಂದ ಶುರುವಾಗುತ್ತದೆ ಎಂದುಕೊಂಡಿದ್ದೆ ನಾನು, ದಡ್ಡಿ. ಮುಖ ಕೆಂಪಗೆ ಮಾಡಿಕೊಂಡು ಎರಡು ಬನ್ನು ಕೊಂಡು ಮನೆಗೆ ಬಂದೆ.

ಆದರೆ ಮಗಳು ಬಾಯಿ ಬಿಟ್ಟರೆ ತಾನೇ! "ಹೇಗಿತ್ತೇ ಇವತ್ತು?" ಎಂದರೆ "ಗುಟ್." ಚೆನ್ನಾಗಿತ್ತು, ಅಷ್ಟೇ. ಮೂರು ವಾರ ಇದೇ ಪಾಡು. ಆ ಮಕ್ಕಳ ಹಿಂದೆ ಸುಮ್ಮನೆ ಬಾಲದ ಹಾಗೆ ನಡೆಯುತ್ತಾಳೋ ಏನೋ ಎಂದು ಒಳಗೊಳಗೇ ಕೊರಗಿದೆ.

ಒಂದು ಬೆಳಿಗ್ಗೆ ಅವಳಿಗೆ ಜ್ವರ. ಶಾಲೆಗೆ ತಿಳಿಸೋಣವೆಂದು ಫೋನ್ ಹುಡುಕುತ್ತಿದ್ದೇನೆ, ಕಾಲಿಂಗ್ ಬೆಲ್ ಹೊಡೆಯಿತು. ಬಾಗಿಲು ತೆಗೆದರೆ ಆ ಮೂವರು! ಮೆಟ್ಟಿಲು ಹತ್ತಿದ ರಭಸಕ್ಕೆ ಏದುಸಿರು ಬಿಡುತ್ತಿದ್ದಾರೆ. "ಎಲ್ಲಿ ಅವಳು? ಎಷ್ಟು ಹೊತ್ತು ಕಾದ್ವಿ!" ಜ್ವರ ಎಂದೆ. ಲೇಟಾಗುತ್ತೆ, ಹೊರಡಿ ಎಂದೆ. ಒಬ್ಬರೂ ಕದಲಲಿಲ್ಲ. ಅವಳನ್ನು ನೋಡದೆ ಹೋಗುವುದಿಲ್ಲವಂತೆ.

ಕಂಬಳಿ ಹೊದ್ದುಕೊಂಡು ಅವಳೇ ಎದ್ದು ಬಂದಳು. ನನ್ನನ್ನು ಪಕ್ಕಕ್ಕೆ ಸರಿಸಿ, ಒಬ್ಬನಿಗೆ ಬೈದು, ಇಬ್ಬರನ್ನು ನಗಿಸಿ, ನನಗೆ ಅರ್ಧವೂ ತಿಳಿಯದ ಬಿರುಸಿನ ಜರ್ಮನ್ನಿನಲ್ಲಿ ಮೂವರನ್ನೂ ಮೆಟ್ಟಿಲಿಳಿಸಿದಳು.

"ಏನಂದ್ಯೇ ಅವ್ರಿಗೆ?"

"ಮಧ್ಯಾಹ್ನ ಬಂದು ಕ್ಲಾಸಲ್ಲಿ ಏನೇನಾಯ್ತು ಎಲ್ಲಾ ಹೇಳ್ಬೇಕು ಅಂದೆ. ಇಲ್ದಿದ್ರೆ ಮೂರು ಜನಕ್ಕೂ ಟೂ ಬಿಡ್ತೀನಿ ಅಂದೆ."

ಮಾತು ಬಿಡುತ್ತೇನೆಂದು ಹೆದರಿಸುವುದಕ್ಕೆ ನನ್ನ ಮಗಳಿಗೂ ಜನ ಸಿಕ್ಕಿದ್ದರು. ನಾನು ಅಡುಗೆಮನೆಗೆ ಹೋಗಿ, ಸಂತೋಷಕ್ಕೆ, ಬಿಕ್ಕಿ ಬಿಕ್ಕಿ ಅತ್ತೆ.