ಕಬ್ಬು ಜಗ್ಗುವ ಪಾಠ

ನನ್ನ ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ ಇದ್ದಾಗಿನ ಮಾತು. ಆಗ ನಾನು ಗೋಕಾಕ ತಾಲೂಕಿನ ಒಂದು ಪೊಲೀಸ್ ಠಾಣೆಯಲ್ಲಿ ಎಎಸ್‌ಐ, ಅಂದರೆ ಸಹಾಯಕ ಸಬ್ ಇನ್ಸ್‌ಪೆಕ್ಟರ್. ಪೇದೆಯಾಗಿ ಸೇರಿ ಮೂರು ದಶಕದ ಮೇಲೆ ಖಾಕಿ ಹಾಕಿದವನು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಒಂದೇ ಬೈಕಿನಲ್ಲಿ ಮೂವರು ಹುಡುಗರು ಬಂದರೆ ಕೀಲಿ ಕಿತ್ತುಕೊಂಡು, ಅಪ್ಪನನ್ನು ಕರೆದುಕೊಂಡು ಬಾ ಅಂತ ಬಿಸಿಲಲ್ಲಿ ನಿಲ್ಲಿಸುತ್ತಿದ್ದೆ. ಇಂಥವನಿಗೆ ಜನವರಿ ಬಂತೆಂದರೆ ಇನ್ನೊಂದು ಕೆಲಸ ಅಂಟಿಕೊಳ್ಳುತ್ತಿತ್ತು. ರಸ್ತೆ ಸುರಕ್ಷತೆಯ ಚಾರ್ಟು ಕಂಕುಳಲ್ಲಿ ಇಟ್ಟುಕೊಂಡು ಹೈಸ್ಕೂಲುಗಳಿಗೆ ಹೋಗಿ ಪಾಠ ಮಾಡುವುದು.

ನಮ್ಮ ಕಡೆ ಜನವರಿ ಅಂದರೆ ಕಬ್ಬಿನ ಹಂಗಾಮಿನ ನಡು. ಕೊಣ್ಣೂರ, ಮಮದಾಪುರ, ಮೂಡಲಗಿ, ಯಾವ ರಸ್ತೆ ಹಿಡಿದರೂ ಮುಂದೊಂದು ಕಬ್ಬಿನ ಟ್ರಾಕ್ಟರ್ ಇದ್ದೇ ಇರುತ್ತದೆ. ಒಂದು ಎಂಜಿನ್ನಿಗೆ ಎರಡು ಟ್ರೇಲರ್ ಕಟ್ಟಿ, ಎರಡಾಳೆತ್ತರ ಕಬ್ಬು ಹೇರಿ, ಡ್ರೈವರನ ತಲೆಯ ಹಿಂದೆ ದೊಡ್ಡ ದೊಡ್ಡ ಸ್ಪೀಕರು ಇಟ್ಟು ಹಾಡು ಹಚ್ಚಿರುತ್ತಾರೆ. ಅದರ ಹಿಂದೆ ಓಡಿ ಒಂದು ಕಬ್ಬು ಜಗ್ಗುವುದು ಇಲ್ಲಿ ಕಳ್ಳತನವಲ್ಲ. ಯಾವ ರೈತನೂ ಅದಕ್ಕೆ ಬೈಯುವುದಿಲ್ಲ. ಜಗ್ಗದೆ ದೊಡ್ಡವನಾದ ಗಂಡಸು ಸುತ್ತಲಿನ ತಾಲೂಕುಗಳಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ.

ಆ ದಿನ ಹತ್ತನೇ ತರಗತಿಯ ಪಾಠ. ಕೆಂಪು ತ್ರಿಕೋನ ಅಂದರೆ ಎಚ್ಚರಿಕೆ, ಹೆಲ್ಮೆಟ್ ಹಾಕಿರಿ, ಹದಿನೆಂಟು ತುಂಬುವ ತನಕ ಬೈಕ್ ಮುಟ್ಟಬೇಡಿರಿ ಅಂತ ಅರ್ಧ ತಾಸು ಒದರಿದೆ. ಹುಡುಗರು ಆಕಳಿಸುತ್ತಿದ್ದರು. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬ ಎದ್ದ. ಹೆಸರು ಪ್ರವೀಣ, ಹದಿನೈದು ವರ್ಷ, ಬೆಳ್ಳಗಿನ ಹಲ್ಲು, ಅಂಗಿಯ ಮೇಲಿನ ಗುಂಡಿ ಕಿತ್ತುಹೋಗಿತ್ತು.

“ಸರ್, ಕಬ್ಬ ಜಗ್ಗಿದ್ರ ಕೇಸ್ ಆಕ್ಕೈತೇನ್ರಿ?”

ಇಡೀ ವರ್ಗ ಕಿಸಕ್ಕನೆ ನಕ್ಕಿತು. ನನಗೂ ನಗು ಬಂತು. ಅಂತೂ ಒಬ್ಬ ಎಚ್ಚರಾದನಲ್ಲ ಅಂತ ಹುರುಪೂ ಬಂತು. “ಏ ತಮ್ಮಾ, ಸಂಕೇಶ್ವರದ ಕಡೆ ನಾ ಜಗ್ಗಿದಷ್ಟ ಕಬ್ಬ ನೀ ಇನ್ನಾ ತಿಂದಿಲ್ಲ. ತುದಿ ಹಿಡದ್ರ ಮುರಿತೈತಿ. ನಡಬರಕ ಹಿಡೀಬೇಕು. ಹಿಡದ ಮ್ಯಾಲ ಕೈ ಬಿಡಬಾರದು” ಅಂದೆ. ಹುಡುಗರು ಚಪ್ಪಾಳೆ ತಟ್ಟಿ ವರ್ಗವನ್ನೇ ಎಬ್ಬಿಸಿಬಿಟ್ಟರು. ಹೆಡ್ ಮಾಸ್ತರರೂ ನಕ್ಕರು. ಚಲೋ ಪಾಠ ಮಾಡಿದಿರಿ ಅಂತ ಚಹಾ ಕುಡಿಸಿ ಕಳಿಸಿದರು.

ಆದರೆ ಒಂದು ಮಾತು ಹೇಳುವುದನ್ನೇ ನಾನು ಮರೆತಿದ್ದೆ. ಸಂಕೇಶ್ವರದ ಹತ್ತಿರದ ನಮ್ಮ ಊರಿನಲ್ಲಿ ನಾನು ಕಬ್ಬು ಜಗ್ಗುತ್ತಿದ್ದದ್ದು ಎತ್ತಿನ ಚಕ್ಕಡಿಯಿಂದ. ನಾವು ನಡೆದುಕೊಂಡು ಹೋದರೂ ಅದನ್ನು ದಾಟುತ್ತಿದ್ದೆವು. ಬಿದ್ದರೆ ಮೊಣಕಾಲು ತರಚುತ್ತಿತ್ತು, ಮನೆಯಲ್ಲಿ ಅವ್ವ ಅರಿಶಿನ ಹಚ್ಚುತ್ತಿದ್ದಳು. ಚಕ್ಕಡಿ ಹೋಗಿ ಟ್ರಾಕ್ಟರ್ ಬಂದಿದ್ದನ್ನು ಠಾಣೆಯಲ್ಲಿ ಕೂತು ದಿನಾ ನೋಡುವ ನನಗೇ ಆ ಹೊತ್ತಿನಲ್ಲಿ ಅದು ಹೊಳೆಯಲಿಲ್ಲ.

ಅದಾದ ಐದನೆಯ ದಿನ, ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷ ಇದ್ದಾಗ ಫೋನು ಬಂತು. ಕಬ್ಬಿನ ಟ್ರಾಕ್ಟರಿಗೆ ಬೈಕು ಸಿಕ್ಕಿದೆ, ಸಾಲಿ ಹುಡುಗರು ಅಂದರು. ನಾನು ಮುಟ್ಟುವಷ್ಟರಲ್ಲಿ ಜನ ಸೇರಿದ್ದರು. ರಸ್ತೆಯ ಬದಿಯಲ್ಲಿ ಒಬ್ಬ ಹುಡುಗ ಮುರಿದ ಕೈ ಹಿಡಿದುಕೊಂಡು ಕೂತು ನಡುಗುತ್ತಿದ್ದ. ಅವನು ಆಕಾಶ, ಪ್ರವೀಣನ ಗೆಳೆಯ, ಬೈಕು ಓಡಿಸುತ್ತಿದ್ದವನು. ಪ್ರವೀಣ ಡಾಂಬರಿನ ಮೇಲೆ ಮಲಗಿದ್ದ. ಹಿಂದಿನ ಟ್ರೇಲರಿನ ಗಾಲಿ ಅವನ ಸೊಂಟದ ಮೇಲೆ ಹಾದು ಹೋಗಿತ್ತು. ಇನ್ನೂ ಎಚ್ಚರವಿದ್ದ.

ಅಂಬುಲೆನ್ಸ್ ಬೇಗನೆ ಬಂತು, ಅದರಲ್ಲಿ ಯಾರ ತಪ್ಪೂ ಇಲ್ಲ. ನಾನೂ ಒಳಗೆ ಹತ್ತಿದೆ. ಗೋಕಾಕದ ದಾರಿಯಲ್ಲಿ ಕಬ್ಬಿನ ಗಾಡಿಗಳ ಸಾಲು. ಒಂದರ ಹಿಂದೆ ಒಂದು, ಎರಡೆರಡು ಟ್ರೇಲರು. ಬದಿಗೆ ಇಳಿಸಿದರೆ ಲೋಡು ಉರುಳುತ್ತದೆ ಅಂತ ಯಾರೂ ಇಳಿಸುವುದಿಲ್ಲ. ಸೈರನ್ ಹೊಡೆದುಕೊಳ್ಳುತ್ತಿತ್ತು, ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಮೂವತ್ತು ವರ್ಷದ ನನ್ನ ಜಬರದಸ್ತು ಆ ಅರ್ಧ ತಾಸು ಯಾವ ಉಪಯೋಗಕ್ಕೂ ಬರಲಿಲ್ಲ.

ಹುಡುಗ ನನ್ನ ಗುರುತು ಹಿಡಿದಿದ್ದ. “ಸರ್, ನೀವು ಹೇಳಿದಂಗ ನಡಬರಕ ಹಿಡದಿದ್ನ್ರಿ” ಅಂದ. ಸ್ವಲ್ಪ ಹೊತ್ತಿನ ಮೇಲೆ, “ಬರಲೇ ಇಲ್ರಿ” ಅಂದ. ಕಬ್ಬನ್ನು ಹಗ್ಗದಿಂದ ಬಿಗಿದು ಕಟ್ಟಿದ್ದರು, ಅದು ಎಲ್ಲಿಂದ ಬರಬೇಕು! ಅವನು ಕೈ ಬಿಡಲಿಲ್ಲ. ಬೈಕು ಮುಂದಕ್ಕೆ ಜಾರಿತು, ಇವನು ಹಿಂದೆ ಉಳಿದ. ನಾನು “ಮಾತಾಡಬ್ಯಾಡಪಾ, ಸುಮ್ಮನ ಮಲ್ಕೊ” ಅಂದೆ. ಅವನು ಸುಮ್ಮನಾದ. ಆಸ್ಪತ್ರೆಯ ಗೇಟಿಗೆ ಬಂದಾಗ ಅವನ ಕೈ ನನ್ನ ಕೈಯಲ್ಲೇ ಇತ್ತು, ಜೀವ ಇರಲಿಲ್ಲ.

ಮಧ್ಯಾಹ್ನ ತಿರುಗಿ ಬಂದು ಸ್ಥಳ ಪಂಚನಾಮೆ ಮಾಡಿದೆ. ಇಬ್ಬರು ಸಾಕ್ಷಿಗಳ ಮುಂದೆ ಅಪಘಾತದ ಜಾಗ ಅಳೆದು ಬರೆಯುವ ಕೆಲಸ ಅದು. ಹುಡುಗ ಬಿದ್ದ ಜಾಗದಿಂದ ಟ್ರಾಕ್ಟರ್ ನಿಂತ ಜಾಗಕ್ಕೆ ನಾಲ್ಕು ನೂರ ಹನ್ನೆರಡು ಮೀಟರು. ಐವತ್ತು ಮೀಟರಿನ ಟೇಪನ್ನು ಒಂಬತ್ತು ಸಲ ಎಳೆಯಬೇಕಾಯಿತು. ಅಷ್ಟು ದೂರ ಡ್ರೈವರನಿಗೆ ಏನೂ ಗೊತ್ತಾಗಿರಲಿಲ್ಲ. ಹೊಲದಲ್ಲಿದ್ದ ಹೆಣ್ಣುಮಕ್ಕಳು ಸೆರಗು ಬೀಸಿ ನಿಲ್ಲಿಸಿದ್ದರು. ಡ್ರೈವರ್ ಮೂಡಲಗಿ ಕಡೆಯ ಮನುಷ್ಯ, ಇಪ್ಪತ್ತಾರು ವರ್ಷ. ಟ್ರಾಕ್ಟರಿಗೆ ಕನ್ನಡಿ ಒಂದೇ ಬದಿಗೆ ಇತ್ತು, ಅದೂ ಒಡೆದಿತ್ತು. “ಹಾಡ ಹಚ್ಚಿದ್ನ್ರಿ ಸಾಹೇಬ್ರ, ಏನೂ ಕೇಳಲಿಲ್ರಿ” ಅಂತ ನೆಲಕ್ಕೆ ಕೂತು ಅತ್ತ. ಅವನ ಕಪಾಳಕ್ಕೆ ಹೊಡೆಯಬೇಕೆಂದು ಎತ್ತಿದ ಕೈ ತಾನೇ ಕೆಳಗೆ ಬಂತು. ನಿರ್ಲಕ್ಷ್ಯದ ಚಾಲನೆಯಿಂದ ಸಾವು ಅಂತ ಅವನ ಮೇಲೆ ಕೇಸಾಯಿತು.

ಕೇಸು ಅಲ್ಲಿಗೇ ಮುಗಿಯಲಿಲ್ಲ. ಬೈಕು ಪ್ರವೀಣನ ಅಪ್ಪ ಬಾಳಪ್ಪನ ಹೆಸರಿನಲ್ಲಿತ್ತು. ಮೋಟಾರು ವಾಹನ ಕಾಯ್ದೆಯಲ್ಲಿ 199ಎ ಎಂಬ ಕಲಮು ಇದೆ. ಹದಿನೆಂಟು ತುಂಬದವರು ಗಾಡಿ ಓಡಿಸಿ ತಪ್ಪು ಮಾಡಿದರೆ ಪಾಲಕರು ಅಥವಾ ಗಾಡಿಯ ಮಾಲೀಕರು ಹೊಣೆ, ಜೈಲು ಶಿಕ್ಷೆಯೂ ಆಗಬಹುದು. ಸತ್ತವನು ಮಾಲೀಕನ ಸ್ವಂತ ಮಗನಾದರೆ ಬಿಡಬಹುದು ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ನಾನು ಎರಡೆರಡು ಸಲ ಓದಿದೆ.

ಮೂರನೆಯ ದಿನ ಪಿಎಸ್‌ಐ ಸಾಹೇಬರ ಜೊತೆ ಬಾಳಪ್ಪನ ಮನೆಗೆ ಹೋದೆ. ಸಾಹೇಬರು ನನ್ನ ಮಗನ ವಯಸ್ಸಿನವರು, ನನ್ನನ್ನು ಕಾಕಾ ಅನ್ನುತ್ತಿದ್ದರು. ಬಾಳಪ್ಪ ಎರಡು ಎಕರೆಯ ರೈತ, ಹಣೆಗೆ ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ಕೇಳುವ ಮೊದಲೇ ಹೇಳಿದ. “ಕೀಲಿ ನಾನ ಕೊಟ್ಟೇನ್ರಿ. ಎಂಟಕ್ಕ ಸ್ಪೆಷಲ್ ಕ್ಲಾಸ್ ಇತ್ತು, ಬಸ್ ಒಂಬತ್ತಕ್ಕ ಬರತೈತಿ. ಆಕಾಶ ಚಲೋ ಹೊಡೀತಾನ ಅಂದ, ಕೊಟ್ನಿ.”

ಒಳಗಿನಿಂದ ಅವನ ಹೆಂಡತಿ ಶಾಂತವ್ವ ಹೊರಗೆ ಬಂದಳು. “ಮಗನ್ನ ಮಣ್ಣ ಮಾಡಿ ಮೂರ ದಿನಾ ಆಗಿಲ್ಲ. ಈಗ ಗಂಡನ್ನೂ ಒಯ್ಯಾಕ ಬಂದೀರೇನ್ರಿ?” ಅಂದಳು. ಸಾಹೇಬರು ನೆಲ ನೋಡಿದರು. ಇದು ಕಾಯ್ದೆ ತಾಯಿ ಅಂದೆ. ಆ ಮಾತು ನನ್ನ ಬಾಯಿಂದ ಬಂದದ್ದಕ್ಕೆ ನನಗೇ ನಾಚಿಕೆ ಆಯಿತು.

ಆಕಾಶನ ಹೇಳಿಕೆಯನ್ನು ಅವನ ಅವ್ವನ ಎದುರು ಬರೆದುಕೊಂಡೆವು. ಪ್ರವೀಣ ಅಂಬುಲೆನ್ಸಿನಲ್ಲಿ ಅಂದದ್ದನ್ನೇ ಅವನೂ ಹೇಳಿದ. “ಪೊಲೀಸ್ ಸರ್ ಕಲಿಸಿದಂಗ ಜಗ್ಗತೇನಿ ನೋಡ ಅಂದ್ನ್ರಿ ಪ್ರವ್ಯಾ.” ನನ್ನ ಪೆನ್ನು ನಿಂತಿತು. ಸಾಹೇಬರು ನನ್ನ ಮುಖ ನೋಡಿ, “ಅದನ್ನ ಬಿಡ್ರಿ ಕಾಕಾ, ತನಿಖೆಗೆ ಅದು ಬೇಕಾಗಿಲ್ಲ” ಅಂದರು. ನಾನು ಬಿಟ್ಟೆ. ಆರೋಪಿಗಳ ಕಾಲಮಿನಲ್ಲಿ ಡ್ರೈವರನ ಕೆಳಗೆ ಬಾಳಪ್ಪನ ಹೆಸರು, ಅಪ್ಪನ ಹೆಸರು, ವಯಸ್ಸು, ಊರು ಎಲ್ಲ ನನ್ನ ಕೈಬರಹದಲ್ಲೇ ಬರೆದೆ. ಕಾಯ್ದೆ ಪ್ರಕಾರ ಎಲ್ಲವೂ ಸರಿಯಾಗಿತ್ತು. ಆಕಾಶನ ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಯಿತು. ಅವನು ಆ ವರ್ಷ ಪರೀಕ್ಷೆ ಬರೆಯಲಿಲ್ಲ.

ಕೇಸು ಇನ್ನೂ ನಡೆದಿದೆ. ನಾನು ನಿವೃತ್ತನಾದ ಮೇಲೂ ಸಾಕ್ಷಿ ಹೇಳಲು ಗೋಕಾಕದ ಕೋರ್ಟಿಗೆ ಹೋಗುತ್ತೇನೆ. ಬಾಳಪ್ಪ ಪ್ರತಿ ತಾರೀಖಿಗೂ ಬರುತ್ತಾನೆ. ನನ್ನನ್ನು ಕಂಡರೆ ಈಗಲೂ ಎದ್ದು ನಿಲ್ಲುತ್ತಾನೆ, ಅದೊಂದು ನನಗೆ ತಡೆಯಲಿಕ್ಕೆ ಆಗುವುದಿಲ್ಲ. ಹೋದ ಸಲ ತಾರೀಖು ಮುಂದೆ ಹೋಯಿತು. ವರಾಂಡದ ಬೆಂಚಿನ ಮೇಲೆ ಇಬ್ಬರೇ ಕೂತೆವು. ಎದೆಯಲ್ಲಿ ಇಟ್ಟುಕೊಂಡು ಸಾಕಾಗಿತ್ತು, ಹೇಳಿಬಿಟ್ಟೆ. “ಬಾಳಪ್ಪಾ, ಸಾಲ್ಯಾಗ ಕಬ್ಬ ಹೆಂಗ ಜಗ್ಗಬೇಕು ಅಂತ ನಾನ ಹೇಳಿಕೊಟ್ಟಿದ್ನಿ. ಅದನ್ನ ಕೇಸಿನ್ಯಾಗ ಬರೀಲಿಲ್ಲ.” ಅವನು ಬೈಯಲಿ, ಎದ್ದು ಹೋಗಲಿ, ಕೊರಳಪಟ್ಟಿ ಹಿಡಿಯಲಿ ಅಂತಲೇ ಕೂತಿದ್ದೆ.

ಅವನು ತಲೆಯ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. ಆಮೇಲೆ ಮೆಲ್ಲಗೆ ಅಂದ.

“ಗೊತ್ತೈತ್ರಿ ಸಾಹೇಬ್ರ. ಅವತ್ತ ಸಂಜೀಕ ಮನಿಗೆ ಬಂದು ಹೇಳಿದ್ದ. ಊಟಕ್ಕ ಕುಂತಿದ್ವಿ. ನಾನೂ ನಕ್ಕಿದ್ನ್ರಿ.”

ಇಷ್ಟು ವರ್ಷದ ನೌಕರಿ ನನಗೆ ಒಂದನ್ನು ಕಲಿಸಿದೆ, ಅದೂ ತಡವಾಗಿ. ಮಕ್ಕಳಿಗೆ ನಾವು ಗದರಿಸಿ ಹೇಳಿದ್ದು ಒಂದು ಕಿವಿಯಿಂದ ಬಂದು ಇನ್ನೊಂದರಿಂದ ಹೋಗುತ್ತದೆ. ನಗುನಗುತ್ತಾ ಹೇಳಿದ್ದನ್ನು ಅವರು ಕಲಿತುಕೊಳ್ಳುತ್ತಾರೆ. ಚಾರ್ಟಿನಲ್ಲಿದ್ದ ಒಂದು ಚಿಹ್ನೆಯೂ ಪ್ರವೀಣನಿಗೆ ನೆನಪಿತ್ತೋ ಇಲ್ಲವೋ ದೇವರೇ ಬಲ್ಲ.

ಈಗಲೂ ಯಾರಾದರೂ ಕರೆದರೆ ಸಾಲಿಗೆ ಹೋಗುತ್ತೇನೆ. ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನನ್ನ ಮಾತನ್ನೂ, ಚಕ್ಕಡಿಯನ್ನೂ, ಆ ಹುಡುಗ ಅಂಬುಲೆನ್ಸಿನಲ್ಲಿ ಅಂದದ್ದನ್ನೂ. ಹುಡುಗರು ಉಸಿರು ಬಿಡದೆ ಕೇಳುತ್ತಾರೆ, ಹೆಣ್ಣುಮಕ್ಕಳು ಕಣ್ಣು ಒರೆಸಿಕೊಳ್ಳುತ್ತಾರೆ. ಇನ್ನು ಜಗ್ಗುವುದಿಲ್ಲ ಅಂತ ಎಲ್ಲರೂ ಕೈ ಎತ್ತುತ್ತಾರೆ. ಹೋದ ತಿಂಗಳು ಒಂದು ಊರಿನಲ್ಲಿ ಹೀಗೆಯೇ ಮುಗಿಸಿ ಗೇಟಿನ ಹೊರಗೆ ಬಂದೆ. ಸಾಲಿ ಬಿಟ್ಟಿತು, ಅದೇ ಹೊತ್ತಿಗೆ ಕಬ್ಬಿನ ಟ್ರಾಕ್ಟರ್ ಬಂತು. ಈಗಷ್ಟೇ ಕೈ ಎತ್ತಿದ್ದ ಇಬ್ಬರು ಹುಡುಗರು ಸೈಕಲ್ ತಿರುಗಿಸಿ ಅದರ ಹಿಂದೆ ಬಿದ್ದರು. ಏ, ಏ ಅಂತ ಕೂಗುತ್ತಾ, ಅರವತ್ತೆರಡರ ಈ ಮೊಣಕಾಲು ಹೊತ್ತುಕೊಂಡು ಓಡಿದೆ. ಒಬ್ಬನ ಅಂಗಿ ಕೈಗೆ ಸಿಕ್ಕಿತು. ಇನ್ನೊಬ್ಬ ಆಗಲೇ ಟ್ರೇಲರಿನ ಪಕ್ಕಕ್ಕೆ ಹೋಗಿ ಕಬ್ಬಿಗೆ ಕೈ ಚಾಚಿದ್ದ.