ವಕೀಲರಿಗೆ ಪ್ರವೇಶವಿಲ್ಲದ ಕೋಣೆ

ಗಂಜಿ ಹಾಕಿದ ಕಾಲರು ಉಜ್ಜಿ ಉಜ್ಜಿ ನಮ್ಮ ಸೀನಿಯರ್ ಕುತ್ತಿಗೆಯಲ್ಲಿ ಒಂದು ಕೆಂಪು ಗೆರೆ ನಿಂತುಬಿಟ್ಟಿತ್ತು. ಸಿಟ್ಟು ಬಂದಾಗ ಅದು ಇನ್ನಷ್ಟು ಕೆಂಪಾಗುತ್ತಿತ್ತು. ಅವರು ಬಾಯಿ ತೆರೆಯುವ ಮೊದಲೇ ನಮಗೆ ತಿಳಿಯುತ್ತಿತ್ತು. ಬೈಯುವ ಮುಂಚೆ ಒಂದು ಲೋಟ ನೀರು ಕುಡಿಯುವರು. ಕುಡಿದ ಮೇಲೂ ಬೈಯುವರು.

ತುಮಕೂರಿನ ಶಿರಾ ಗೇಟ್ ಹತ್ತಿರ ಅವರ ಮನೆ. ಮುಂದಿನ ಕೋಣೆಯೇ ಆಫೀಸು. ಲಾ ಮುಗಿಸಿದ ನನ್ನನ್ನು ಹೆಣ್ಣುಮಗಳೆಂಬ ಕಾರಣಕ್ಕೆ ಊರಿನ ಹಿರಿಯ ವಕೀಲರು ನಯವಾಗಿ ಸಾಗಹಾಕಿದ್ದರು. ಇವರು ನನ್ನ ಸರ್ಟಿಫಿಕೇಟನ್ನೂ ನೋಡಲಿಲ್ಲ.

“ಗಟ್ಟಿಯಾಗಿ ಮಾತಾಡೋಕೆ ಬರುತ್ತೇನಮ್ಮಾ?”

“ಬರುತ್ತೆ ಸರ್.”

“ಕೇಳಿಸ್ತಿಲ್ಲ.”

ಇನ್ನೊಮ್ಮೆ ಹೇಳಿದೆ. ಅಡುಗೆಮನೆಯಿಂದ ಅವರ ಹೆಂಡತಿ ಗಾಬರಿಯಾಗಿ ಓಡಿಬಂದರು. ಮಾರನೆಯ ದಿನದಿಂದ ನಾನು ಅವರ ಜೂನಿಯರ್.

ನಾನು ಸೇರಿದ ಹೊಸದರಲ್ಲೇ ಭೂಸುಧಾರಣೆ ಕಾಯ್ದೆಯ ಎಪ್ಪತ್ತನಾಲ್ಕರ ತಿದ್ದುಪಡಿ ಜಾರಿಗೆ ಬಂತು. ಗೇಣಿಗೆ ಉಳುತ್ತಿದ್ದವರು ಅರ್ಜಿ ಹಾಕಿ ಭೂಮಿಯನ್ನು ತಮ್ಮದಾಗಿಸಿಕೊಳ್ಳಬಹುದು. ಗೇಣಿದಾರ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ಕೋರ್ಟಲ್ಲ, ತಾಲ್ಲೂಕಿನ ಟ್ರಿಬ್ಯುನಲ್. ಅಸಿಸ್ಟೆಂಟ್ ಕಮಿಷನರ್ ಅದರ ಅಧ್ಯಕ್ಷರು. ಅಲ್ಲಿ ವಕೀಲರು ಯಾರ ಪರವಾಗಿಯೂ ನಿಲ್ಲುವಂತಿಲ್ಲ.

ಜಮೀನಿನ ವ್ಯಾಜ್ಯವೇ ನಮ್ಮ ಆಫೀಸಿನ ಅನ್ನ. ಗೇಣಿಯ ಪ್ರಶ್ನೆ ಎದ್ದ ಕೇಸುಗಳೆಲ್ಲ ಸಿವಿಲ್ ಕೋರ್ಟಿನಿಂದ ಟ್ರಿಬ್ಯುನಲ್ಲಿಗೆ ಹೊರಟುಹೋದವು. ಸೀನಿಯರ್ ಕುದಿಯುತ್ತಿದ್ದರು.

“ನ್ಯಾಯ ಹೇಳೋ ಜಾಗಕ್ಕೆ ವಕೀಲ ಬರಬಾರದಂತೆ! ಬಾಯಿಲ್ಲದೋನು ಅಲ್ಲಿ ಏನು ಮಾತಾಡ್ತಾನೆ?”

“ದುಡ್ಡಿರೋರು ವಕೀಲರನ್ನ ಇಟ್ಕೊಂಡು ವರ್ಷಗಟ್ಟಲೆ ಎಳೀಬಾರದು ಅಂತ ಸರ್,” ಎಂದು ಒಮ್ಮೆ ಹೇಳಿಬಿಟ್ಟೆ.

ನೀರು ಕುಡಿದರು. “ಎಳೆದಿದೀವಿ. ಸುಳ್ಳಲ್ಲ,” ಎಂದಷ್ಟೇ ಹೇಳಿ ಎದ್ದುಹೋದರು.

ಆಮೇಲೆ ಒಂದು ಹೊಸ ಕೆಲಸ ಶುರುಮಾಡಿದರು. ಟ್ರಿಬ್ಯುನಲ್ಲಿಗೆ ಹೋಗುವವರನ್ನು ಆಫೀಸಿನಲ್ಲಿ ನಿಲ್ಲಿಸಿ, ತಾವೇ ಟ್ರಿಬ್ಯುನಲ್ ಸಾಹೇಬರಾಗಿ ಗದರಿಸಿ ಪ್ರಶ್ನೆ ಕೇಳುವರು. ಚೇಳೂರು ಕಡೆಯ ಒಬ್ಬ ವಿಧವೆ, “ಹಂಗೆ ಕೂಗ್ಬೇಡಿ ಸ್ವಾಮಿ, ನೆಪ್ಪೆಲ್ಲ ಹಾರೋಯ್ತದೆ,” ಎಂದು ಅತ್ತಳು. “ಅಲ್ಲೂ ಕೂಗ್ತಾರೆ ಕಣಮ್ಮ. ಇಲ್ಲೇ ಅತ್ತು ಮುಗಿಸ್ಕೊ,” ಎಂದರು. ಗುಬ್ಬಿಯ ಟ್ರಿಬ್ಯುನಲ್ ಮುಂದೆ ಆಕೆ ಅಳದೆ ಮಾತಾಡಿ ಗೆದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಕುಣಿಗಲ್‌ನಿಂದ ಸೀನಿಯರ್ ಅವರ ಅಣ್ಣ ಬಂದರು. ಕೆರೆ ಕೆಳಗಿನ ಗದ್ದೆ ಅಣ್ಣತಮ್ಮಂದಿರಿಬ್ಬರ ಹೆಸರಿನಲ್ಲೂ ಇತ್ತು. ತಂದೆಯ ಕಾಲದಿಂದ ಅದನ್ನು ಉಳುತ್ತಿದ್ದ ಮನೆತನದವನೊಬ್ಬ ಈಗ ಅರ್ಜಿ ಹಾಕಿದ್ದ. ಇಬ್ಬರಿಗೂ ನೋಟಿಸು ಬಂದಿತ್ತು.

“ಅವನ ಹತ್ರ ಮಾತಾಡಿದೀನಿ,” ಎಂದರು ಅಣ್ಣ. “ಅವನ ಮನೆ ನಿಂತಿರೋದು ನಮ್ಮ ಜಾಗದಲ್ಲಿ. ಗೇಣಿ ಅಲ್ಲ, ಕೂಲಿ ಮಾಡ್ತಿದ್ದೆ ಅಂತ ಹೇಳ್ತಾನೆ. ನೀನು ಬಂದು ಪಕ್ಕದಲ್ಲಿ ಸುಮ್ನೆ ಕೂತ್ಕೊ, ಸಾಕು.”

“ಅವನು ಕೂಲಿಯೋನಲ್ಲ ಅಣ್ಣ.”

“ಅಮ್ಮ ಉಣ್ಣೋದು ಆ ಗದ್ದೆ ಅಕ್ಕಿ ಕಣೋ!”

ಅಣ್ಣ ಕಾಫಿ ಮುಟ್ಟದೆ ಹೊರಟರು. ವಿಚಾರಣೆಯ ದಿನದವರೆಗೂ ಸೀನಿಯರ್ ಏನು ನಿರ್ಧಾರ ಮಾಡಿದ್ದಾರೆಂದು ನನಗೂ ಗೊತ್ತಿರಲಿಲ್ಲ, ಅವರ ಹೆಂಡತಿಗೂ ಗೊತ್ತಿರಲಿಲ್ಲ.

ಕುಣಿಗಲ್ ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಅವರು ಕರಿ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, “ಈಗ ನಾನು ವಕೀಲ ಅಲ್ಲ, ಪಾರ್ಟಿ,” ಎಂದು ಒಳಗೆ ಹೋದರು. ನಾನು ಕಿಟಕಿಯ ಹೊರಗೆ ನಿಂತೆ. ಪಕ್ಕದಲ್ಲಿ ಗೇಣಿದಾರನ ಹೆಂಡತಿ ನಿಂತಿದ್ದಳು.

ಒಳಗೆ ಆತ ಹೆಗಲ ಟವೆಲ್ ಕೈಗೆ ತೆಗೆದುಕೊಂಡು ನಿಂತಿದ್ದ. ಸಾಹೇಬರು ಪ್ರಶ್ನೆ ಕೇಳಿದರೆ ಆತನ ಕಣ್ಣು ಸೀನಿಯರ್ ಅಣ್ಣನ ಕಡೆ ಹೋಗುತ್ತಿತ್ತು.

“ಅರ್ಜಿ ನಿಂದೇ ತಾನೆ?”

“ಯಾರೋ ಬರ್ಕೊಟ್ರು ಸ್ವಾಮಿ. ಗೊತ್ತಾಗ್ನಿಲ್ಲ. ನಾನು ಕೂಲಿಯೋನು. ಗೇಣಿ ಗೀಣಿ ಏನಿಲ್ಲ.”

ಅವನ ಹೆಂಡತಿ ನನ್ನ ತೋಳು ಹಿಡಿದುಕೊಂಡಳು. “ಹಾಳಾಗೋದ್ವಲ್ಲವ್ವ,” ಎಂದು ಪಿಸುಗುಟ್ಟಿದಳು.

ಗುಮಾಸ್ತ ಬರೆದುಕೊಳ್ಳುತ್ತಿದ್ದ. ಇನ್ನೇನು ಮುಗಿಯಿತು. ಸೀನಿಯರ್ ತಲೆ ತಗ್ಗಿಸಿ ಕೂತೇ ಇದ್ದರು. ಏಳುವುದಿಲ್ಲ ಎಂದುಕೊಂಡೆ. ಕೈಯಲ್ಲಿದ್ದ ಕೋಟನ್ನು ಅಲ್ಲೇ ಎಸೆದು ಬಸ್ ಹತ್ತಿಬಿಡೋಣ ಅನ್ನಿಸಿತು.

ಆಗ ಎದ್ದರು.

“ನಾನೂ ಭೂಮಾಲೀಕ. ಈತ ಹೇಳಿದ್ದು ಸುಳ್ಳು.”

ಸಾಹೇಬರಿಗೆ ಅರ್ಥವಾಗಲಿಲ್ಲ. “ಅವನು ಹೇಳ್ತಿರೋದು ನಿಮಗೇ ಅನುಕೂಲ ಅಲ್ವೇನ್ರೀ?”

“ಹೌದು. ಹೆದರಿ ಹೇಳ್ತಿದಾನೆ. ನಮ್ಮಪ್ಪನ ಕಾಲದಿಂದ ಇವರೇ ಉತ್ತು ಬೆಳೆದು ನಮ್ಮ ಪಾಲಿನ ಭತ್ತ ಮನೆಗೆ ತಂದು ಹಾಕಿದಾರೆ. ಗಾಡಿಯಿಂದ ಇಳಿಸ್ಕೊಂಡಿದೀನಿ ನಾನು. ಬರ್ಕೊಳ್ಳಿ.”

ಅಣ್ಣ ಕುರ್ಚಿ ತಳ್ಳಿ ಎದ್ದರು. “ಕೂತ್ಕೊಳೋ! ವಕೀಲ್ರು ಇಲ್ಲಿ ಮಾತಾಡಂಗಿಲ್ಲ!”

“ವಕೀಲ ಮಾತಾಡ್ತಿಲ್ಲ ಅಣ್ಣ. ನಿನ್ನ ತಮ್ಮ ಮಾತಾಡ್ತಿರೋದು.”

ಸಾಹೇಬರು ಗೇಣಿದಾರನನ್ನು ಹತ್ತಿರ ಕರೆದು, ಈ ಸಲ ಮೆತ್ತಗೆ ಕೇಳಿದರು. ಆತ ಟವೆಲಿನಲ್ಲಿ ಮುಖ ಮುಚ್ಚಿಕೊಂಡು, “ಚಿಕ್ಕೋರು ಹೇಳಿದ್ದೇ ದಿಟ ಸ್ವಾಮಿ,” ಎಂದ.

ಬಸ್ಸಿನಲ್ಲಿ ಬರುವಾಗ ಸೀನಿಯರ್ ನನ್ನ ಕೈಯಿಂದ ಕೋಟು ವಾಪಸು ತೆಗೆದುಕೊಂಡರು. ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು ನಾನು ತಡಕಾಡುತ್ತಿದ್ದೆ. ಅವರೇ ಸಿಡುಕಿದರು: “ವಕೀಲರನ್ನ ಹೊರಗಿಡೋ ಈ ಕಲಮು ತಪ್ಪೇ ಕಣಮ್ಮ. ಅವನ ಪರವಾಗಿ ಒಬ್ಬ ವಕೀಲ ಅಲ್ಲಿ ಇದ್ದಿದ್ರೆ, ನಾನು ನಮ್ಮಣ್ಣನ ಮುಖಕ್ಕೆ ಹಾಗೆ ಹೇಳೋದು ತಪ್ತಿತ್ತು.”

ಗದ್ದೆ ಗೇಣಿದಾರನ ಪಾಲಾಯಿತು. ಅಣ್ಣ ತಮ್ಮನ ಜೊತೆ ಮಾತು ಬಿಟ್ಟರು. “ಒಡಹುಟ್ಟಿದೋನಿಗೇ ಆಗದೋನು ನಮಗಾಗ್ತಾನಾ?” ಎಂದು ಜಮೀನ್ದಾರ ಕಕ್ಷಿಗಾರರು ಒಬ್ಬೊಬ್ಬರೇ ಫೈಲು ಕೇಳಿ ಪಡೆದರು. ಕೆಲವು ವರ್ಷಗಳ ನಂತರ ತಾಯಿ ತೀರಿಕೊಂಡ ಸುದ್ದಿಯನ್ನು ಅಣ್ಣ ಬೇಕೆಂದೇ ತಡವಾಗಿ ಮುಟ್ಟಿಸಿದರು. ಸೀನಿಯರ್ ಕುಣಿಗಲ್ ತಲುಪುವ ಹೊತ್ತಿಗೆ ಚಿತೆ ಆರಿತ್ತು. ಹಿಂತಿರುಗಿ ಬಂದು ಆಫೀಸಿನಲ್ಲಿ ಗೋಡೆಗೆ ಮುಖಮಾಡಿ ಕೂತಿದ್ದರು. ಹೀಗೆ ಆಗುತ್ತದೆಂದು ಗೊತ್ತಿದ್ದಿದ್ದರೂ ಅವತ್ತು ಎದ್ದು ನಿಲ್ಲುತ್ತಿದ್ದಿರಾ ಎಂದು ಕೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ.

ಎಂಬತ್ತರ ದಶಕ ಮುಗಿಯುವ ಮೊದಲು ವಕೀಲರನ್ನು ದೂರವಿಟ್ಟಿದ್ದ ಆ ಕಲಮನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಸೀನಿಯರ್ ಆಗ ಆಸ್ಪತ್ರೆಯಲ್ಲಿದ್ದರು. ಓಡಿಹೋಗಿ ಹೇಳಿದೆ. ಗೆದ್ದ ಸಂತೋಷ ಕಾಣಬಹುದೆಂದು ಅವರ ಮುಖವನ್ನೇ ನೋಡಿದೆ. ಕಾಣಲಿಲ್ಲ.

“ಇನ್ಮೇಲೆ ಒಳಗೆ ಬಿಡ್ತಾರೆ. ಒಳಗೆ ಹೋಗಿ ಏನು ಹೇಳ್ತೀಯ, ಅದು ನಿನಗೆ ಬಿಟ್ಟಿದ್ದು,” ಎಂದರು.

ಅದಾಗಿ ಹೆಚ್ಚು ದಿನ ಉಳಿಯಲಿಲ್ಲ.

ಅವರ ವೈಕುಂಠ ಸಮಾರಾಧನೆ ಮುಗಿದ ವಾರ, ಹೈಕೋರ್ಟಿನಿಂದ ಮರುವಿಚಾರಣೆಗೆ ವಾಪಸು ಬಂದಿದ್ದ ಒಂದು ಹಳೆಯ ಕೇಸಿಗೆ ಗುಬ್ಬಿಯ ಟ್ರಿಬ್ಯುನಲ್ಲಿಗೆ ಹೋದೆ. ಮೊದಲ ಸಲ ಕೋಟು ತೊಟ್ಟೇ ಒಳಗೆ ಕಾಲಿಟ್ಟೆ. ಯಾರ ಪರ ಎಂದು ಸಾಹೇಬರು ಕೇಳಿದರು. ಅರ್ಜಿದಾರನ ಹೆಸರು ಹೇಳಿದೆ, ನನ್ನ ಹೆಸರು ಹೇಳಿದೆ. ಆಮೇಲೆ, ಯಾರೂ ಕೇಳದಿದ್ದರೂ, ಇಡೀ ಕೋಣೆಗೆ ಕೇಳುವ ಹಾಗೆ ನಮ್ಮ ಸೀನಿಯರ್ ಹೆಸರನ್ನೂ ಹೇಳಿದೆ.